ಟೈಟರ್ ನಂಬರ್ ಕಳಿಸು ಮಗಳೇ

ಚಿ. ಶೋಭಾಗೆ ನಿಮ್ಮಪ್ಪನ ಆಶೀರ್ವಾದ.

ಫೋನಿನಲ್ಲಾದರೆ ಮತ್ತೆ ಇಬ್ಬರೂ ಕೂಗಾಡ್ತೀವಿ. ಅದಕ್ಕೇ ಬರೆದು, ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕ್ತಿದ್ದೀನಿ. ಪೇಷೆಂಟ್‌ಗೆ ಬಳಸಿದ ಸೂಜಿ ನಿನಗೆ ಚುಚ್ಚಿತಲ್ಲ, ಅದರ ಬಗ್ಗೆ ನಿನ್ನೆ ಆಡಿದ ಮಾತು ಬಿಡು.

ಪೇಷೆಂಟ್ ಎಚ್‌ಐವಿ ಪಾಸಿಟಿವ್ ಆಗಿದ್ದರೂ ಸೂಜಿ ಚುಚ್ಚಿ ಅಂಟೋದು ಸಾವಿರಕ್ಕೆ 3 ಜನಕ್ಕೆ ಅಂದೆ. ಲೆಕ್ಕ ಸರಿ. ಹಾಗಂತ ಹೊಟ್ಟೆ ತೊಳಸುತ್ತೆ ಅಂತ ಎಚ್‌ಐವಿ ಅಂಟದ ಹಾಗೆ ಕೊಟ್ಟಿರೋ ಮಾತ್ರೆ ಬಿಡಬೇಡ. 2 ಗಂಟೆಯೊಳಗೇ ಶುರು ಮಾಡಿದೀಯ, 28 ದಿನ ಮುಗಿಸು. ಊಟ ಆದಮೇಲೆ ತಗೊಂಡು ನೋಡು.

ನನಗಿರೋ ದಿಗಿಲು ಕಾಮಾಲೆದು.

ಚಿಂತಾಮಣಿಯಲ್ಲಿ ನಾನು ಕಾಂಪೌಂಡರ್ ಆಗಿದ್ದಾಗ ಜೊತೆಗೊಬ್ಬ ಹುಡುಗ ಇದ್ದ. ಆಗೆಲ್ಲ ಗಾಜಿನ ಸಿರಿಂಜು. ಸ್ಟೌ ಮೇಲೆ ಕುದಿಸೋದು, ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯೋದು. ತೊಳೆಯುವಾಗ ಚುಚ್ಚಿದರೆ ಬೆರಳು ಚೀಪಿ ಉಗಿದುಬಿಡ್ತಿದ್ವಿ. ಅವನೂ ಹಾಗೇ ಮಾಡಿದ. ಎರಡು ಮೂರು ತಿಂಗಳಿಗೆ ಕಣ್ಣು ಹಳದಿಯಾಯ್ತು. ಮನೆಯವರು ಸೊಪ್ಪಿನ ರಸ ಕುಡಿಸಿದರು, ಉಪ್ಪಿಲ್ಲದ ಮಜ್ಜಿಗೆ ಅನ್ನ ಹಾಕಿದರು. ಉಗುರು ಅರಿಶಿನದಲ್ಲಿ ಅದ್ದಿದ ಹಾಗಿತ್ತು. ಕೊನೆಕೊನೆಗೆ ಏನೇನೋ ಬಡಬಡಿಸೋನು, ನನ್ನ ಗುರುತೂ ಹಿಡಿಯಲಿಲ್ಲ. ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ ಅವನಿಗೆ. ಸೂಜಿಯಿಂದಲೇ ಬಂತು ಅಂತ ಯಾರೂ ಪರೀಕ್ಷೆ ಮಾಡಿ ಹೇಳಲಿಲ್ಲ. ನನಗೆ ಮಾತ್ರ ಅನುಮಾನ ಇಲ್ಲ. ಅವರಮ್ಮ ಸಂತೆಯಲ್ಲಿ ಸಿಕ್ಕರೆ ಈಗಲೂ ನನಗೆ ತಲೆ ಎತ್ತಿ ಮಾತಾಡೋಕಾಗಲ್ಲ.

ಪೇಷೆಂಟ್‌ಗೆ ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ಅಂಟೋ ಕಾಮಾಲೆ ಇದ್ದರೆ, ಲಸಿಕೆ ಇಲ್ಲದವರಿಗೆ ಸೂಜಿಯಿಂದ ಅಂಟೋದು ನೂರಕ್ಕೆ 6ರಿಂದ 30 ಜನಕ್ಕೆ. ಸಾವಿರಕ್ಕಲ್ಲ, ನೂರಕ್ಕೆ! ಒಣಗಿದ ರಕ್ತದಲ್ಲೂ ಆ ವೈರಸ್ಸು ವಾರ ಬದುಕಿರುತ್ತೆ. ಓದುವಾಗ ನಿನಗೆ ಎರಡು ಡೋಸ್ ಹಾಕಿಸಿದ್ದು ನೆನಪಿದೆ. ಆರನೇ ತಿಂಗಳಿನದು ಹಾಕಿಸಿಕೊಂಡ್ಯಾ? ಹಾಕಿಸಿದ್ದರೂ ಆಂಟಿಬಾಡಿ ಟೈಟರ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಬಂದಿದೆ ಅನ್ನೋ ಲೆಕ್ಕ, 10 ಆದರೂ ಇರಬೇಕು. ಕಡಿಮೆ ಇದ್ದು, ಆ ಪೇಷೆಂಟ್‌ಗೆ ಬಿ ಇದ್ದರೆ, ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಸಿದ್ಧ ಆಂಟಿಬಾಡಿ ಇಂಜೆಕ್ಷನ್ ಬೇಕಾಗುತ್ತೆ. ಸೂಜಿ ತಗುಲಿದ ದಿನದಿಂದ ವಾರದೊಳಗೇ ಅದನ್ನ ಕೊಡಬೇಕು, ಆದಷ್ಟೂ ಬೇಗ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಬಂದರೆ ಮಾತ್ರೆಯಲ್ಲಿ ವಾಸಿಯಾಗುತ್ತೆ. ಅದರ ಟೆಸ್ಟೂ ಮಾಡಿಸು.

ಸೂಜಿಗೆ ಕ್ಯಾಪ್ ವಾಪಸ್ ಹಾಕಬೇಡ ಅಂತ ಸ್ಟಾಫ್ ನರ್ಸ್‌ಗೆ ನಾನು ಪಾಠ ಹೇಳಬಾರದು ಅಂದ್ಕೊಂಡಿದ್ದೆ, ಹೇಳಿಬಿಟ್ಟೆ. ಬಳಸಿದ ಸೂಜಿ ಹಾಕೋ ಬಿಳಿ ಡಬ್ಬ ಕೈಗೆಟುಕೋ ಹಾಗೆ ಇಟ್ಕೊ. ಎಷ್ಟೇ ಅವಸರ ಇರಲಿ.

ಸೀನಿಯರ್ ಬೈದರೂ ಅವತ್ತು ರಾತ್ರಿಯೇ ರಿಜಿಸ್ಟರ್‌ನಲ್ಲಿ ಬರೆಸಿದೆಯಲ್ಲ, ಅಷ್ಟು ಧೈರ್ಯ ನಿನ್ನ ವಯಸ್ಸಿನಲ್ಲಿ ನನಗಿರಲಿಲ್ಲ ಕಣಮ್ಮ. ನಾನು ದನಿ ಎತ್ತಿದ್ದಕ್ಕೆ ಬೇಜಾರು ಮಾಡ್ಕೋಬೇಡ.

ನಿಮ್ಮಮ್ಮನಿಗೆ ಏನೂ ಹೇಳಿಲ್ಲ. ನಾಳೆ ಡ್ಯೂಟಿ ಮುಗಿದ ತಕ್ಷಣ ರಕ್ತ ಕೊಟ್ಟು ಆಮೇಲೆ ಮಲಕ್ಕೋ. ಫೋನ್ ಮಾಡದಿದ್ದರೂ ನಡೆಯುತ್ತೆ, ಟೈಟರ್ ನಂಬರ್ ಮೆಸೇಜ್ ಹಾಕು.

ಇಂತಿ,
ನಿಮ್ಮಪ್ಪ