ಕಿಟ್ ಆಮೇಲೆ ನೋಡೋಣ, ಮೊದಲು ಅಡುಗೆಮನೆ

ತೀರ್ಥಹಳ್ಳಿ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಕ್ಕಳಿಗೆ ರಜೆ ಬಂತು, ದುಬಾರಿಯಾದರೂ ಒಂದು ವಿಜ್ಞಾನದ ಕಿಟ್ ತರಿಸಲಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಸದ್ಯಕ್ಕೆ ಬೇಡ ಕಣೇ. ಹೈಸ್ಕೂಲಿನಲ್ಲಿ ಇದೇ ಪಾಠ ಮಾಡಿಕೊಂಡು ಬಂದವಳು ನಾನು. ಇಂಥ ಕಿಟ್ಟುಗಳ ಚೀಟಿಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ, ಯಾಕಾಗುತ್ತದೆ ಎರಡನ್ನೂ ಮೊದಲೇ ಅಚ್ಚು ಹಾಕಿರುತ್ತಾರೆ. ಊಹೆ ಮಾಡಲು ಮಗುವಿಗೆ ಏನೂ ಉಳಿಯುವುದಿಲ್ಲ.

ಅರಿಶಿನದಿಂದ ಶುರು ಮಾಡು. ಅರಿಶಿನ ಕದಡಿದ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸು. ಬಟ್ಟೆ ಸೋಪಿನ ನೀರಿನಲ್ಲಿ ಬೆರಳು ಅದ್ದಿ ಅದರ ಮೇಲೆ ಹೆಸರು ಬರೆಯಲು ಹೇಳು. ಅಕ್ಷರ ಕೆಂಪಗೆ ಮೂಡುತ್ತದೆ. ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ. ಆಗ ನೀನು ಆಮ್ಲ, ಕ್ಷಾರ ಅಂತ ಪಾಠಕ್ಕೆ ಕೂರಬೇಡ. "ಇನ್ನು ಯಾವ್ಯಾವುದಕ್ಕೆ ಕೆಂಪಾಗಬಹುದು?" ಅಂತ ಕೇಳಿ ಸುಮ್ನೆ ಇದ್ದುಬಿಡು. ಮೊಸರು, ಹುಣಸೆ ನೀರು, ಅಡುಗೆ ಸೋಡಾ, ಪಾತ್ರೆ ಸೋಪು ಅಂತ ಅವರೇ ಹುಡುಕಿ ತರುತ್ತಾರೆ. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕುತ್ತೇವಲ್ಲ, ಅದೂ ಇದೇ ಅಂತ ದೊಡ್ಡವನಿಗೆ ಒಂದು ದಿನ ತಾನಾಗಿ ಹೊಳೆಯಬೇಕು. ನೀನು ಹೇಳಿಕೊಟ್ಟರೆ ಆ ಖುಷಿ ಅವನದಾಗುವುದಿಲ್ಲ.

ಇನ್ನು ಮೇಣದ ಬತ್ತಿಯದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಸುಟ್ಟು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದನ್ನು ನಂಬಬೇಡ. ಬತ್ತಿ ಆರಿದ ಮೇಲೂ ಒಳಗೆ ಆಮ್ಲಜನಕ ಉಳಿದಿರುತ್ತದೆ. ಮುಖ್ಯ ಕಾರಣ ಬಿಸಿ. ಲೋಟ ಮುಚ್ಚುವಾಗ ಬಿಸಿಯಾದ ಗಾಳಿ ಹಿಗ್ಗಿ ಒಂದಿಷ್ಟು ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಇದನ್ನೂ ಮಕ್ಕಳಿಗೆ ಮೊದಲೇ ಹೇಳಬೇಡ. ನೀರು ಯಾವಾಗ ಜಾಸ್ತಿ ಏರುತ್ತದೆ, ಉರಿಯುವಾಗಲಾ, ಆರಿದ ಮೇಲಾ ಅಂತ ನೋಡಲು ಹೇಳು. ಆಮೇಲೆ ಅದೇ ಲೋಟದ ಕೆಳಗೆ ಮೂರು ಬತ್ತಿ ಇಟ್ಟು ನೋಡಲಿ. ಲೋಟದ ಆಮ್ಲಜನಕ ಮೊದಲಿನಷ್ಟೇ, ಆದರೆ ನೀರು ಇನ್ನೂ ಮೇಲೆ ಏರುತ್ತದೆ. ಅಚ್ಚಾದ ಮಾತನ್ನೂ ಹೀಗೆ ಮಾಡಿ ನೋಡಿ ಪರೀಕ್ಷಿಸಬಹುದು ಅಂತ ಹತ್ತು ವರ್ಷದ ಹುಡುಗನಿಗೆ ಗೊತ್ತಾಗುವುದು ಎಷ್ಟು ದೊಡ್ಡ ವಿಷಯ ಅಲ್ವಾ?

ಚಿಕ್ಕವಳಿಗೆ ದೋಸೆ ಹಿಟ್ಟು ಸಾಕು. ರುಬ್ಬಿದ ಹಿಟ್ಟನ್ನು ಎರಡು ಗಾಜಿನ ಲೋಟಕ್ಕೆ ಅರ್ಧರ್ಧ ಹಾಕಿ, ಮಟ್ಟಕ್ಕೆ ಸರಿಯಾಗಿ ಹೊರಗೆ ರಬ್ಬರ್ ಬ್ಯಾಂಡ್ ಸುತ್ತಲಿ. ಒಂದು ಒಲೆಯ ಪಕ್ಕ, ಒಂದು ಫ್ರಿಜ್ಜಿನಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಅವಳೇ ಓಡುತ್ತಾಳೆ ನೋಡು. ಇನ್ನೊಂದು ದಿನ ಉದ್ದು ಹಾಕದ ಬರೀ ಅಕ್ಕಿ ಹಿಟ್ಟಿನ ಲೋಟವನ್ನೂ ಪಕ್ಕಕ್ಕಿಡು. ಉದ್ದಿನ ಲೋಳೆ ಗುಳ್ಳೆಗಳನ್ನು ಹಿಡಿದಿಡುತ್ತದೆ, ಬರೀ ಅಕ್ಕಿಗೆ ಅದು ಆಗುವುದಿಲ್ಲ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಜಾಗವನ್ನೂ ಹಿಟ್ಟನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ತಿಳಿಯುತ್ತದೆ?

ಕೆಲವು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರು. ಬೆಂಕಿ ಇರುವಾಗ ನೀನು ಪಕ್ಕದಲ್ಲೇ ಇರಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಅದನ್ನು ಮಕ್ಕಳ ಕೈಗೆ ಕೊಡಬೇಡ. ಸೋಡಾಕ್ಕೆ ನಿಂಬೆರಸ ಹಾಕಿದ ಬಾಟಲಿಗೆ ಮುಚ್ಚಳ ಬಿಗಿಯಬಾರದು, ಬೇಕಾದರೆ ಬಾಯಿಗೆ ಬಲೂನು ಸಿಕ್ಕಿಸಲಿ. ಬಚ್ಚಲು ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್ ಎರಡನ್ನೂ ಕೈಗೆ ಸಿಗದ ಹಾಗೆ ಮೇಲಿಡು. ಅವೆರಡು ಸೇರಿದರೆ ಕ್ಲೋರಿನ್ ಬರುತ್ತದೆ, ಅದು ವಿಷದ ಅನಿಲ.

ಇಬ್ಬರಿಗೂ ಒಂದೊಂದು ನೋಟ್ ಬುಕ್ ಕೊಡು. ಎಡಗಡೆ ಪುಟದಲ್ಲಿ ಮಾಡುವ ಮೊದಲಿನ ಊಹೆ, ಬಲಗಡೆ ಕಂಡದ್ದು. ಊಹೆ ತಪ್ಪಾದರೂ ಅಳಿಸಲು ಬಿಡಬೇಡ.

ಹಿತ್ತಲಲ್ಲಿ ಕೆಂಪು ದಾಸವಾಳ ತುಂಬಾ ಬಿಟ್ಟಿದೆ. ನೀವು ಬಂದಾಗ ಬಿಸಿನೀರಲ್ಲಿ ಹಾಕಿ ಬಣ್ಣ ಇಳಿಸೋಣ. ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡಾ. ಯಾವುದು ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ ಮೂವರೂ ಊಹೆ ಬರೆದುಕೊಂಡೇ ಬನ್ನಿ. ನಿನಗೂ ಈಗ ಹೇಳುವುದಿಲ್ಲ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ