ಹಾಡಿದವರ ಹೆಸರಿನ ಜೊತೆ ನುಡಿಸಿದವರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ಪುರವಣಿಯಲ್ಲಿ ಹೊಸ ತಲೆಮಾರಿನ ಸಂಗೀತದ ಬಗ್ಗೆ ಬಂದಿದ್ದ ಲೇಖನ ಓದಿದೆ. ಚೆನ್ನಾಗೇ ಇತ್ತು, ಆದ್ರೆ ಮಧ್ಯದಲ್ಲಿ ಒಂದು ಸಾಲು ಬಂತು ನೋಡಿ, ರ್‍ಯಾಪ್ ಅಂದ್ರೆ ಕಂಪ್ಯೂಟರಲ್ಲಿ ಮಾಡಿದ ಬೀಟ್ ಮೇಲೆ ಪಟಪಟ ಅಂತ ಮಾತಾಡೋದು, ವಾದ್ಯ ನುಡಿಸೋರಿಗೆ ಅಲ್ಲಿ ಕೆಲಸ ಇಲ್ಲ ಅಂತ. ಅಲ್ಲಿಗೆ ಪೇಪರ್ ಮಡಚಿಟ್ಟೆ. ಜಗಳ ಆಡೋಕೆ ಬರೀತಿಲ್ಲ ಸರ್, ಹದಿನೈದು ವರ್ಷದಿಂದ ಒಂದು ಬ್ಯಾಂಡಿನ ಹುಚ್ಚು ಹಿಡಿಸ್ಕೊಂಡಿರೋ ನನಗೆ ಆ ಸಾಲು ಓದಿ ಸುಮ್ನೆ ಕೂರೋಕೆ ಆಗ್ಲಿಲ್ಲ ಅಷ್ಟೆ.

ಆ ಬ್ಯಾಂಡ್ ಹೆಸರು ದಿ ರೂಟ್ಸ್. ಅಮೆರಿಕದ ಫಿಲಡೆಲ್ಫಿಯಾದವರು. 1987ರಲ್ಲಿ ಅಲ್ಲಿನ ಒಂದು ಕಲಾ ಹೈಸ್ಕೂಲಲ್ಲಿ ಓದ್ತಿದ್ದ ಇಬ್ಬರು ಹುಡುಗರು ಸೇರ್ಕೊಂಡು ಶುರು ಮಾಡಿದ್ದು. ಒಬ್ಬ ತಾರಿಕ್ ಟ್ರಾಟರ್, ಎಲ್ಲರಿಗೂ ಗೊತ್ತಿರೋದು ಬ್ಲ್ಯಾಕ್ ಥಾಟ್ ಅಂತ, ರ್‍ಯಾಪ್ ಅವನದು. ಇನ್ನೊಬ್ಬ ಅಹ್ಮಿರ್ ಥಾಂಪ್ಸನ್ ಉರುಫ್ ಕ್ವೆಸ್ಟ್‌ಲವ್, ಡ್ರಮ್ಸ್ ಅವನದು. (ಏಕವಚನ ಪ್ರೀತಿಯಿಂದ ಬರ್ತಿದೆ, ಬೈಬೇಡಿ.) ಕ್ವೆಸ್ಟ್‌ಲವ್ ಅಪ್ಪ ಲೀ ಆಂಡ್ರೂಸ್ ಐವತ್ತರ ದಶಕದಲ್ಲಿ ಹೆಸರು ಮಾಡಿದ್ದ ಡೂ-ವಾಪ್ (ನಾಲ್ಕೈದು ಜನ ದನಿ ಸೇರಿಸಿ ಹಾಡೋ ಶೈಲಿ) ಗಾಯಕ, ಹಾಗಾಗಿ ಹುಡುಗ ಚಿಕ್ಕೋನಿದ್ದಾಗಲೇ ಅಪ್ಪನ ಬ್ಯಾಂಡಲ್ಲಿ ಡ್ರಮ್ಸ್ ಬಾರಿಸಿದೋನು. ಇವತ್ತು ಜಾಝ್ ಬೇಸ್ (ತಗ್ಗು ಸ್ವರದ ತಂತಿವಾದ್ಯ) ಅಂದ ಕೂಡ್ಲೆ ನೆನಪಾಗೋ ಕ್ರಿಶ್ಚಿಯನ್ ಮೆಕ್‌ಬ್ರೈಡ್ ಕೂಡ ಆಗ ಅದೇ ಸ್ಕೂಲಲ್ಲಿದ್ರು. ಇಂಥ ಜಾಗದಲ್ಲಿ ಹಿಪ್‌ಹಾಪ್ (ರ‍್ಯಾಪ್ ಇರೋ ಸಂಗೀತ) ಹುಚ್ಚಿನ ಹುಡುಗ್ರು ಬೆಳೆದ್ರೆ ಇನ್ನೇನಾಗತ್ತೆ, ಫಿಲಡೆಲ್ಫಿಯಾದ ಸೌತ್ ಸ್ಟ್ರೀಟ್‌ನಲ್ಲಿ ರಸ್ತೆ ಬದಿ ನಿಂತು ಒಬ್ಬ ಬಾರಿಸ್ತಿದ್ದ, ಇನ್ನೊಬ್ಬ ರ್‍ಯಾಪ್ ಮಾಡ್ತಿದ್ದ, ಹೋಗೋ ಬರೋರು ನಿಂತು ಕೇಳ್ತಿದ್ರು.

ಆ ಕಾಲದ ಹಿಪ್‌ಹಾಪ್ ನಡೀತಿದ್ದದ್ದು ಸ್ಯಾಂಪಲ್ ಮೇಲೆ ಅನ್ನೋದೇನೋ ನಿಜ. ಹಳೇ ಜಾಝ್, ಫಂಕ್ ರೆಕಾರ್ಡಿಂದ ಒಂದು ಚೂರು ಕತ್ತರಿಸಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕೋದು. ಅದೂ ಒಂದು ಕಲೆ, ನಾನು ಅದನ್ನ ತೆಗಳೋ ಪೈಕಿ ಅಲ್ಲ. ಜಾಝ್‌ನವರನ್ನೇ ಸ್ಟುಡಿಯೋಗೆ ಕರೆಸಿದೋರೂ ಇದ್ರು. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ಬೇಸ್ ನುಡಿಸಿದ್ದ ರಾನ್ ಕಾರ್ಟರ್ 1991ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನೋ ಹಿಪ್‌ಹಾಪ್ ತಂಡದ ಆಲ್ಬಂನಲ್ಲಿ ಬಂದು ನುಡಿಸಿ ಹೋದ್ರು, 1993ರಲ್ಲಿ ಗುರು ಅನ್ನೋ ರ್‍ಯಾಪರ್ ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಅವರನ್ನ ಕರೆಸಿದ. ಆದ್ರೆ ಅಲ್ಲೆಲ್ಲ ಜಾಝ್ ನೆಂಟರ ಥರ ಬಂದು ಹೋಗ್ತಿತ್ತು, ರೂಟ್ಸ್ ಮನೇಲಿ ಅದು ಮನೆಯವರಲ್ಲೊಬ್ರು.

1995ರಲ್ಲಿ ಬಂದ ಅವರ ಡು ಯು ವಾಂಟ್ ಮೋರ್ ಆಲ್ಬಂ ಮೊದಲ ಸಲ ಕೇಳಿದಾಗ ನಾನೂ ಮೋಸ ಹೋಗಿದ್ದೆ. ಯಾವುದೋ ಹಳೇ ರೆಕಾರ್ಡಿನ ಲೂಪ್ ಹಾಕಿದಾರೆ, ಭಾರೀ ಚೆನ್ನಾಗಿ ಆರಿಸಿದಾರೆ ಅಂದ್ಕೊಂಡೆ. ಆಮೇಲೆ ಒಂದು ಲೈವ್ ವಿಡಿಯೋ ನೋಡ್ತೀನಿ, ದೊಡ್ಡ ಆಫ್ರೋ ಕೂದಲಿನ ಒಬ್ಬ ಮನುಷ್ಯ, ಅವನೇ ಕ್ವೆಸ್ಟ್‌ಲವ್, ಕೂತ್ಕೊಂಡು ಅದನ್ನೆಲ್ಲ ಕೈಯಲ್ಲೇ ಬಾರಿಸ್ತಿದಾನೆ, ಮುಖದ ಮೇಲೆ ಒಂದು ಗೆರೆ ಅಲ್ಲಾಡ್ತಿಲ್ಲ. ಇದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಂದ್ರೆ ಒಂದು ಕೆಲಸ ಮಾಡಿ, ಆ ಆಲ್ಬಂನ ಯಾವುದಾದ್ರೂ ಒಂದು ಹಾಡು ಹಾಕ್ಕೊಂಡು ಪೆನ್ನಲ್ಲಿ ಟೇಬಲ್ ಮೇಲೆ ಅವನ ಜೊತೆ ಅಷ್ಟನ್ನೇ ಕುಟ್ಟಿ. ಒಂದು ನಿಮಿಷಕ್ಕೆ ಕೈ ಕಡಿಯೋಕೆ ಶುರುವಾಗತ್ತೆ, ನಡುವೆ ಒಂದು ತರತರತರ ಅಂತ ಉರುಳಿಕೆ ಹಾಕ್ಬಿಡೋಣ ಅನ್ಸತ್ತೆ, ನಾನಂತೂ ಹಾಕ್ಬಿಟ್ಟೆ. ಅವನು ಹಾಕಲ್ಲ! ಬಾರಿಸೋಕೆ ಬಂದೂ ಬಾರಿಸದೆ ಇರ್ತಾನೆ. ಹಿಂದೆ ಯಾರೋ ಡ್ರಮ್ಮರ್ ಕೈಯಲ್ಲಿ ಬಾರಿಸಿದ್ದನ್ನ ಮೆಷಿನ್ ಕತ್ತರಿಸಿ ತಿರುಗಿಸ್ತಿತ್ತಲ್ಲ, ಆ ಮೆಷಿನ್ ಥರ ಇವನು ಮತ್ತೆ ಕೈಯಲ್ಲಿ ಬಾರಿಸ್ತಿದಾನೆ, ಯೋಚಿಸ್ತಾ ಹೋದ್ರೆ ತಲೆ ತಿರುಗತ್ತೆ.

ಅದೇ ಆಲ್ಬಂನಲ್ಲಿ ಸ್ಟೀವ್ ಕೋಲ್‌ಮನ್ ಸ್ಯಾಕ್ಸಫೋನ್ ಇದೆ, ಕಸಾಂಡ್ರಾ ವಿಲ್ಸನ್ ದನಿ ಇದೆ, ಇಬ್ಬರೂ ಜಾಝ್‌ನವರು. ರೂಫಸ್ ಹಾರ್ಲಿ ಅಂತ ಫಿಲಡೆಲ್ಫಿಯಾದ ಹಿರಿಯರೊಬ್ರು, ಸ್ಕಾಟ್ಲೆಂಡಿನ ಬ್ಯಾಗ್‌ಪೈಪಲ್ಲಿ ಜಾಝ್ ನುಡಿಸ್ತಿದ್ದೋರು, ಅವರೂ ಬಂದಿದಾರೆ, ರ್‍ಯಾಪ್ ಹಾಡೊಳಗೆ ಬ್ಯಾಗ್‌ಪೈಪ್! ಇನ್ನೊಂದು ಕಡೆ, ಸ್ಟೇಜ್ ಮೇಲೇ ರೆಕಾರ್ಡ್ ಆದ ಹಾಡಲ್ಲಿ ಬ್ಲ್ಯಾಕ್ ಥಾಟ್ ಬಾಯಲ್ಲಿ ಏನೇನೋ ಶಬ್ದ ಮಾಡ್ತಾನೆ, ವಾದ್ಯದೋರು ಅದನ್ನೇ ವಾಪಸ್ ನುಡಿಸ್ತಾರೆ. ಪಕ್ಕಾ ಸವಾಲ್ ಜವಾಬ್. ಅದನ್ನ ಕೇಳಿದ ಮೇಲೂ ವಾದ್ಯದೋರಿಗೆ ಕೆಲಸ ಇಲ್ಲ ಅಂತ ಬರೀತಾರಾ ನಿಮ್ಮ ಲೇಖಕರು?

ಮೆಷಿನ್ ಥರ ಬಾರಿಸೋನು ಆಮೇಲೆ ಉಲ್ಟಾ ಹೊಡೆದ, ನನಗೆ ಅತೀ ಇಷ್ಟದ ಭಾಗ ಇದು. ಡೆಟ್ರಾಯಿಟಲ್ಲಿ ಜೆ ಡಿಲ್ಲಾ ಅಂತ ಒಬ್ಬ ಬೀಟ್ ಮಾಡ್ತಿದ್ದ, 2006ರಲ್ಲಿ ಬರೀ 32ನೇ ವಯಸ್ಸಿಗೆ ಹೋಗ್ಬಿಟ್ಟ ಪಾಪ. ಬೀಟ್ ಮೆಷಿನಲ್ಲಿ ಒಂದು ಸೌಲಭ್ಯ ಇರತ್ತೆ, ಬೆರಳು ಚೂರು ಆಚೀಚೆ ಬಿದ್ರೆ ಅದೇ ಸರಿ ಮಾಡಿ ಗೆರೆ ಮೇಲೆ ಕೂರಿಸತ್ತೆ. ಡಿಲ್ಲಾ ಎಲ್ಲ ಏಟನ್ನೂ ಹಾಗೆ ಗೆರೆ ಮೇಲೆ ಕೂರಿಸ್ತಿರ್ಲಿಲ್ಲ, ಕೆಲವನ್ನ ಬೇಕಂತ್ಲೇ ಚೂರು ಆಚೀಚೆ ಬಿಡ್ತಿದ್ದ. ಬೀಟ್ ತೂರಾಡತ್ತೆ, ಬೀಳಲ್ಲ. ಇದನ್ನ ಕೇಳಿದ ಕ್ವೆಸ್ಟ್‌ಲವ್ ವರ್ಷಗಟ್ಟಲೆ ತಿದ್ದಿ ತೀಡಿದ ತನ್ನ ಕೈಯನ್ನೇ ಮತ್ತೆ ಕೆಡಿಸ್ಕೊಂಡ ಅನ್ಬೇಕು, ಗಾಯಕ ಡಿ ಆಂಜೆಲೋ ಅವರ 2000ದ ಆಲ್ಬಂನಲ್ಲಿ ಅವನು ಬಾರಿಸಿರೋದು ಕೇಳಿ, ಪ್ರತಿ ಏಟೂ ಸೋಮಾರಿ ಥರ ತಡವಾಗಿ ಬರತ್ತೆ. ಡಿಲ್ಲಾ ಬಳಸ್ತಿದ್ದ ಆ ಮೆಷಿನ್ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಒಂದಿನ ಆ ಡಿ ಆಂಜೆಲೋ ಆಲ್ಬಂನ ಹಾಡೊಂದನ್ನ ಜೋರಾಗಿ ಹಾಕ್ಕೊಂಡಿದ್ದೆ, ಪಕ್ಕದಲ್ಲಿ ಕೂತಿದ್ದ ನಮ್ಮಪ್ಪ ತೊಡೆ ಮೇಲೆ ತಾಳ ಹಾಕ್ತಾ ಇದ್ದೋರು ಮುಖ ಕಿವುಚ್ಕೊಂಡು "ಏನೋ ಇದು, ತಾಳ ತಪ್ತಿದಾನಲ್ಲೋ" ಅಂದ್ರು. ನಾನು ಮಾತಾಡ್ಲಿಲ್ಲ. ಹಾಡು ಮುಗಿಯೋ ಹೊತ್ತಿಗೆ ಅವರ ಕೈ ಇನ್ನೂ ತೊಡೆ ಮೇಲೇ ಇತ್ತು, "ಇಲ್ಲ ಇಲ್ಲ, ತಪ್ತಿಲ್ಲ, ಬೇಕಂತ್ಲೇ ಎಳೀತಿದಾನೆ ಕಳ್ಳ, ಇನ್ನೊಂದ್ಸಲ ಹಾಕು" ಅಂದ್ರು. ರ್‍ಯಾಪ್ ಅಂದ್ರೆ ಮೂಗು ಮುರೀತಿದ್ದ ಮನುಷ್ಯ!

ಸರಿ, ಈಗ ಪತ್ರದ ವಿಷಯಕ್ಕೆ ಬರ್ತೀನಿ. ರೂಟ್ಸ್‌ಗೆ ಗ್ರ್ಯಾಮಿ ತಂದುಕೊಟ್ಟ 1999ರ ಹಾಡಲ್ಲಿ ಪಲ್ಲವಿ ಹಾಡಿರೋದು ಎರಿಕಾ ಬಾಡು, ಆ ಪಲ್ಲವಿ ಬರೆದೋರು ಜಿಲ್ ಸ್ಕಾಟ್. ಜಿಲ್ ಆಗ ಯಾರಿಗೂ ಗೊತ್ತಿರ್ಲಿಲ್ಲ, ರೆಕಾರ್ಡ್ ಕಂಪನಿಯೋರಿಗೆ ಜನಕ್ಕೆ ಗೊತ್ತಿರೋ ಹೆಸರು ಬೇಕಿತ್ತು. ರೂಟ್ಸ್‌ನೋರು ಸುಮ್ನಿರದೆ ಅದೇ ವರ್ಷ ಬಂದ ಲೈವ್ ಆಲ್ಬಂನಲ್ಲಿ ಜಿಲ್ ಕೈಲೇ ಹಾಡಿಸಿದ್ರು. 2001ರಲ್ಲಿ ಜೇ-ಝೀ ಅನ್ನೋ ದೊಡ್ಡ ರ‍್ಯಾಪರ್ ಅನ್ಪ್ಲಗ್ಡ್ ಅನ್ನೋ ಲೈವ್ ಕಾರ್ಯಕ್ರಮ ಮಾಡಿದಾಗ ಅವನ ಮೆಷಿನ್ ಬೀಟುಗಳನ್ನೆಲ್ಲ ಹಿಂದೆ ಕೂತು ಕೈಯಲ್ಲಿ ನುಡಿಸಿದೋರು ಇವರೇ, ಕವರ್ ಮೇಲೆ ದೊಡ್ಡದಾಗಿರೋದು ಅವನ ಹೆಸರು. 2009ರಿಂದ ಜಿಮ್ಮಿ ಫಾಲನ್ ಟಿವಿ ಶೋನಲ್ಲಿ ಇವರೇ ಬ್ಯಾಂಡು, 2014ರಲ್ಲಿ ಅವನು ಟುನೈಟ್ ಶೋಗೆ ಹೋದಾಗ ಇವರೂ ಹೋದ್ರು. ಟಿವಿಗೆ ಹೋಗಿ ಹಾಳಾದ್ರು ಅಂತ ಕೆಲವು ಅಭಿಮಾನಿಗಳು ಗೊಣಗ್ತಾರೆ, ನನಗೇನೂ ಹಾಗನ್ಸಲ್ಲ, ನುಡಿಸೋರಿಗೂ ತಿಂಗಳ ಸಂಬಳ ಬೇಡ್ವಾ?

ಬ್ಯಾಂಡಿನ ಬೇಸ್ ವಾದಕ ಲಿಯೊನಾರ್ಡ್ ಹಬ್ಬರ್ಡ್, ಹಬ್ ಅಂತ ಕರೀತಿದ್ರು. ಸ್ಟೇಜ್ ಮೇಲೆ ಯಾವಾಗ್ಲೂ ಬಾಯಲ್ಲಿ ಒಂದು ಕಡ್ಡಿ ಕಚ್ಕೊಂಡೇ ನುಡಿಸ್ತಿದ್ರು, ಎಲ್ಲ ವಿಡಿಯೋದಲ್ಲೂ ಇದೆ ಆ ಕಡ್ಡಿ. 2007ರಲ್ಲಿ ಕ್ಯಾನ್ಸರ್ ಅಂತ ಬ್ಯಾಂಡ್ ಬಿಟ್ರು, 2021ರ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು. ಅದಕ್ಕೂ ಹಿಂದಿನ ವರ್ಷ ಇದೇ ಬ್ಯಾಂಡಲ್ಲಿದ್ದ ಇನ್ನೊಬ್ಬ ರ್‍ಯಾಪರ್ ಮಲಿಕ್ ಬಿ ಹೋಗಿದ್ದ. ಹಬ್ ಸುದ್ದಿ ಬಂದ ದಿನ ಒಂದಿಬ್ಬರು ಸ್ನೇಹಿತರಿಗೆ ಮೆಸೇಜ್ ಹಾಕಿದೆ, ಯಾರಪ್ಪಾ ಅದು ಅಂದ್ರು. ನಾನೇ ಕೇಳಿಸಿದ್ದ ಹಾಡುಗಳು, ಗುನುಗ್ತಾರೆ, ಅವರು ಗುನುಗೋದು ಹಬ್ ನುಡಿಸಿದ ಬೇಸ್ ಲೈನೇ, ಹೆಸರು ಮಾತ್ರ ಗೊತ್ತಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ ಸರ್. ಹಾಡಿನ ಬಗ್ಗೆ ಬರೆಯೋವಾಗ, ಅದು ಸಿನಿಮಾದ್ದಾಗ್ಲಿ ರ್‍ಯಾಪ್ ಆಗ್ಲಿ ಭಾವಗೀತೆ ಆಗ್ಲಿ, ಹಾಡಿದವರ ಫೋಟೋ ಕೆಳಗೆ ನುಡಿಸಿದವರ ಹೆಸರು ಒಂದು ಸಾಲಲ್ಲಿ ಹಾಕಿ. ಜಾಗ ಇಲ್ಲ ಅಂದ್ರೆ ಫೋಟೋನೇ ಸ್ವಲ್ಪ ಚಿಕ್ಕದು ಮಾಡಿ, ಅವರ ಮುಖ ನಮಗೆಲ್ಲ ಗೊತ್ತೇ ಇದೆ. ಲೇಖನ ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ, ಪುರುಸೊತ್ತಾದಾಗ ಆ 1995ರ ಆಲ್ಬಂ ಒಂದ್ಸಲ ಕೇಳೋಕೆ ಹೇಳಿ. ಹೆಡ್‌ಫೋನ್ ಹಾಕ್ಕೊಂಡೇ ಕೇಳ್ಬೇಕು, ಫೋನ್ ಸ್ಪೀಕರಲ್ಲಿ ಹಬ್ ಕೇಳಿಸಲ್ಲ.

ಇಂತಿ,
ನಿಮ್ಮ ಹಳೇ ಓದುಗ