ಆ ಫಿಲ್ಟರ್ ಹಾಕಿದ್ದು ನಾನೇ, ಅವ್ವಾ

ಕಲಬುರಗಿ
ಭಾನುವಾರ ರಾತ್ರಿ

ಅವ್ವಾ,

ನಿನ್ನ ರೈಲು ಈಗ ರಾಯಚೂರು ದಾಟಿರಬೇಕು. ನಿನ್ನೆ ನಾನು 'ಫಿಸಿಕ್ಸ್ ಓದಿ ಏನು ಮಾಡ್ತಿ, ಸುಮ್ನೆ ಬಿಎಡ್ ಮಾಡು' ಅಂದ ಮೇಲೆ ನೀನು ಬಾಯಿ ಬಿಡಲಿಲ್ಲ. ಸ್ಟೇಷನ್ನಿನಲ್ಲೂ ಅಷ್ಟೇ. ನಾನು ಮನೆಗೆ ಹೋಗದೆ ಸೀದಾ ಸ್ಟುಡಿಯೋಗೆ ಬಂದು ಕೂತಿದ್ದೇನೆ.

ಆ ಮದುವೆಯ ಮಾತು. ಯಾವುದು ಅಂತ ನಿನಗೆ ಗೊತ್ತು. ಫಂಕ್ಷನ್ ಹಾಲ್‌ನ ಫೋಟೋಗಳೆಲ್ಲ ಮಂಕಾಗಿ ಬಂದವು, ಲೆನ್ಸಿನ ಮೇಲೆ ಪೋಲರೈಸರ್, ಅಂದರೆ ಹೊಳಪು ತಗ್ಗಿಸುವ ಫಿಲ್ಟರ್, ಹಾಗೇ ಇತ್ತು. 'ಕ್ಯಾಮೆರಾ ಮುಟ್ಟಬೇಡ ಅಂದಿರಲಿಲ್ವಾ' ಅಂತ ಎಲ್ಲರ ಮುಂದೆ ನಾನು ನಿನ್ನನ್ನು ಬೈದೆ. ಅದನ್ನು ಹಾಕಿದ್ದು ನಾನೇ, ಅವ್ವಾ. ಬೆಳಿಗ್ಗೆ ನಮ್ಮೂರಿನ ಅಪ್ಪನ ಕೆರೆಯ ಹತ್ತಿರ, ನೀರಿನ ಮೇಲಿನ ಹೊಳಪು ಹೋಗಲಿ ಅಂತ ಹಾಕಿದ್ದೆ. ಬೈಯುವಾಗಲೇ ನೆನಪಾಯಿತು. ಆದರೂ ಬಾಯಿ ನಿಲ್ಲಲಿಲ್ಲ. ನಿನ್ನ ಕೈಯಲ್ಲಿ ಲೆನ್ಸಿನ ಮುಚ್ಚಳ ಇತ್ತು. ಎಷ್ಟು ಒತ್ತಿ ಹಿಡಿದಿದ್ದೆ ಅಂದರೆ ಬೆರಳ ತುದಿ ಬೆಳ್ಳಗಾಗಿದ್ದವು. ಆ ಬೆರಳು ಇವತ್ತಿಗೂ ಕಣ್ಮುಂದೆ ಬರುತ್ತವೆ.

ಮರುದಿನ ನೀನು ಬಿಲ್ ಬುಕ್ಕಿನ ಹಿಂದೆ ಬರೆದ ಹಾಳೆ ನನ್ನ ಹತ್ತಿರವೇ ಇದೆ. ಮಾಮೂಲಿ ಬೆಳಕಿನಲ್ಲಿ ಒಂದು ಪೋಲರೈಸರ್ ಅರ್ಧ ತಿನ್ನುತ್ತದೆ. ಮುಂದೆ ಇನ್ನೊಂದು ಇಟ್ಟು ತಿರುಗಿಸಿದರೆ, ಉಳಿದಿದ್ದರಲ್ಲಿ 30 ಡಿಗ್ರಿಗೆ ಮುಕ್ಕಾಲು ಬೆಳಕು ದಾಟುತ್ತದೆ, 45ಕ್ಕೆ ಅರ್ಧ, 60ಕ್ಕೆ ಕಾಲು, 90ಕ್ಕೆ ಸೊನ್ನೆ. 'ತಿರುಗಿಸಿದ ಕೋನದ ಕೊಸೈನ್ ವರ್ಗ, ಅಪ್ಪಾ. 1809ರಲ್ಲೇ ಫ್ರಾನ್ಸಿನ ವಿಜ್ಞಾನಿ ಮಾಲ್ಯೂಸ್ ಹೇಳಿದ್ದು' ಅಂದೆ ನೀನು. ನಾನು 'ಗಿರಾಕಿ ಬಂದಾರ ನೋಡು' ಅಂದೆ.

ಇವತ್ತು ಡ್ರಾವರ್‌ನಲ್ಲಿ ನೀನು ಹಳೇ ಕ್ಯಾಲ್ಕುಲೇಟರ್‌ಗಳಿಂದ ಕಿತ್ತಿಟ್ಟ ಪೋಲರೈಸರ್ ಹಾಳೆ ಚೂರು ಸಿಕ್ಕವು. ಎರಡನ್ನು ಅಡ್ಡಡ್ಡ ಹಿಡಿದೆ, ಟ್ಯೂಬ್‌ಲೈಟ್ ಕಾಣದಾಯಿತು. ಮಧ್ಯೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ತೂರಿಸಿದೆ. ಬೆಳಕು ಬಂತು! ಅರ್ಧ, ಅದರರ್ಧ, ಅದರರ್ಧ. ಎಂಟರಲ್ಲಿ ಒಂದು ಪಾಲು, ಅಲ್ವಾ? 28 ವರ್ಷ ಈ ಫಿಲ್ಟರ್ ತಿರುಗಿಸಿದೆ, ಯಾಕೆ ಅಂತ ಕೇಳಲೇ ಇಲ್ಲ. ನನ್ನ ಮಗಳು ಕೇಳಿದಳು.

ಇಂಥ ಹಾಳೆ ಅಡ್ಡ ಹಿಡಿದು ಸೂರ್ಯನನ್ನು ಮಾತ್ರ ನೋಡಬೇಡ. ಕಣ್ಣಿಗೆ ಕತ್ತಲೆನಿಸಿದರೂ ಕಾಣದ ಇನ್‌ಫ್ರಾರೆಡ್ ಕಿರಣ ದಾಟಿ ಬರುತ್ತದೆ. ಲೇಸರ್ ಇರುವಲ್ಲಿ ಕನ್ನಡಕ ಹಾಕು. ಊಟ ಬಿಡಬೇಡ. ರಾತ್ರಿ ಒಬ್ಬಳೇ ಆಟೋ ಹತ್ತಬೇಡ. ದುಡ್ಡು ಸಾಲದಿದ್ದರೆ ಗೆಳತಿಯರನ್ನು ಕೇಳಬೇಡ, ನನ್ನನ್ನೇ ಕೇಳು. ಬಿಎಡ್ ಮಾತು ಮತ್ತೆ ಎತ್ತುವುದಿಲ್ಲ.

ಆ ಮದುವೆ ಮನೆಯವರಿಗೆ ನಾಳೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳುತ್ತೇನೆ.

ರೊಟ್ಟಿ ಗಂಟಿನ ಕೆಳಗೆ ನಿಮ್ಮವ್ವ ಶೇಂಗಾ ಹಿಂಡಿ ಇಟ್ಟಿದ್ದಾಳೆ. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿ ಆ ಫಿಲ್ಟರ್ ಇಟ್ಟಿದ್ದೇನೆ. ತಿರುಗಿಸುವಾಗ ಒಂದು ಕಡೆ ಹಿಡಿಯುತ್ತದೆ, ಮೆಲ್ಲಗೆ ತಿರುಗಿಸು.

ನಿನ್ನ ಅಪ್ಪ